ಕಾಲು ಗಂಟೆಯ ಲೆಕ್ಕ

ಈರಿ ಪಟ್ಟಣದಲ್ಲಿ ನನ್ನದು ಕಿವಿ ಎಣಿಸುವ ಕೆಲಸ.
ಕೇಳಿದವರಿಗೆ ಹೀಗೇ ಹೇಳುತ್ತೇನೆ, ನಗುತ್ತಾರೆ.
ಸಾರ್ವಜನಿಕ ರೇಡಿಯೋ, ಎರಡನೇ ಮಹಡಿ,
ಕೆಳಗೆ ಡೋನಟ್ ಅಂಗಡಿ. ಸುದ್ದಿ ಓದುವವರ ಕೋಟಿಗೂ
ಬೆಳಗಾಗುವಷ್ಟರಲ್ಲಿ ಸಕ್ಕರೆ ಪಾಕದ ವಾಸನೆ.

ಕಾಲು ಗಂಟೆ ನಮ್ಮ ಅಳತೆ. ಸೇರು, ಪಾವು ಇದ್ದ ಹಾಗೆ.
ಅದರಲ್ಲಿ ಐದು ನಿಮಿಷ ಕೇಳಿದರೆ ಸಾಕು,
ಕಾಲು ಗಂಟೆ ಪೂರ್ತಿ ನಮ್ಮ ಖಾತೆಗೆ ಜಮಾ.
ಪಾತ್ರೆ ತೊಳೆಯುತ್ತ ಕೇಳಿದಿರೋ, ಅಳುತ್ತ ಕೇಳಿದಿರೋ,
ಯಾರೂ ವಿಚಾರಿಸುವುದಿಲ್ಲ.

ಚುನಾವಣೆಯ ಹಿಂದಿನ ತಿಂಗಳು
ಅಂಕಿಗಳು ಹಾಲಿನ ಹಾಗೆ ಉಕ್ಕಿದವು.
ಮೇಲಿನವರು ಕೇಕ್ ತರಿಸಿದರು. ನಾನೂ ತಿಂದೆ.
ಊರ ಎದೆ ಡವಗುಟ್ಟಿದ್ದಕ್ಕೆ
ನಮಗೆ ನೀಲಿ ಕ್ರೀಮಿನ ಕೇಕು.

ಬೀದಿಯ ಕೊನೆಗೆ ಇನ್ನೊಂದು ಸ್ಟೇಷನ್ನು. ಹಗಲಿಡೀ ಹರಟೆ.
ಹರಟೆ ಎನ್ನುವುದು ಮರ್ಯಾದೆಗೆ, ಅದು ಜಗಳ.
ಅಲ್ಲಿನ ಮ್ಯಾನೇಜರ್ ವೆಂಡೆಲ್ ಗ್ರೋಗನ್
ತನ್ನ ಪಕ್ಷ ಗೆದ್ದ ಮರುವಾರ
ಬಾರಿನಲ್ಲಿ ಸಿಕ್ಕ, ಮುಖ ಹುಳ್ಳಗೆ.
‘ಮುಗೀತು ಕಣಯ್ಯಾ. ಗೆದ್ದವರು ರೇಡಿಯೋ ಕೇಳಲ್ಲ,
ಹೊದ್ದು ಮಲಗ್ತಾರೆ.
ನನಗೆ ಬೇಕಾಗಿದ್ದು ಒಂದು ಒಳ್ಳೇ ಸೋಲು.
ಸಿಟ್ಟಿಲ್ಲದವನು ಕೂತು ಹಾಸಿಗೆ ಜಾಹೀರಾತು ಕೇಳ್ತಾನಾ?’

ಗೆದ್ದವ ಸೋತ, ಸೋತವ ಸತ್ತ ಎಂಬುದು ಕೋರ್ಟಿನ ಗಾದೆ.
ನಮ್ಮದು ಬೇರೆ: ಗೆದ್ದವ ನಿದ್ದೆಹೋದ,
ಸೋತವ ಕಿವಿ ನಿಮಿರಿಸಿ ಕೂತ.
ಗಾಳಿ ಬಂದಾಗ ತೂರಿಕೊ ಎನ್ನುತ್ತಾರಲ್ಲ,
ನಮಗೆ ಕಣವೂ ಗಾಳಿಯೇ, ಮೊರವೂ ಗಾಳಿಯೇ.
ಕಾಳು ಎಲ್ಲಿ ಬಿತ್ತೋ ಬಗ್ಗಿ ನೋಡಿದವರಿಲ್ಲ.

ಆ ಗಾದೆಯ ಪ್ರಕಾರ ನಮ್ಮ ಅಂಕಿ ಏರಬೇಕಿತ್ತು,
ಸೋತಿದ್ದು ನಮ್ಮವರು.
ನಮಗೆ ನಮ್ಮವರೆಂದು ಯಾರೂ ಇಲ್ಲ, ಬಾಗಿಲ ಬಳಿ ಬೋರ್ಡಿದೆ.
ಆದರೂ.
ಏರಲಿಲ್ಲ. ದೊಪ್ಪನೆ ಬಿತ್ತು.

ಡೈರಿ ನೋಡಿ ಬಾ ಎಂದು ನನ್ನನ್ನು ಅಟ್ಟಿದರು.
ಊರಾಚೆ ಗೋದಾಮು, ಕೇಳುಗರು ಕೈಯಾರೆ ಬರೆದ ಪುಸ್ತಿಕೆಗಳು.
ಹೆಸರುಗಳ ಮೇಲೆ ಕಪ್ಪು ಪಟ್ಟಿ.
ಒಂದೇ ಮನೆಯ ಎರಡಕ್ಕೆ ರಬ್ಬರ್ ಬ್ಯಾಂಡು.
ನಾನೇ ಹೆಸರಿಟ್ಟೆ: ಬರ್ನಿಸ್, ಕ್ಲೀಟಸ್.
ಇವಳದು ಅಡುಗೆಮನೆ, ನಮ್ಮ ಸ್ಟೇಷನ್ನು.
ಅವನದು ಗ್ಯಾರೇಜು, ವೆಂಡೆಲ್ಲನದು.
ಅವನ ಪೆನ್ನಿನ ಕೆಳಗೆ ಗ್ರೀಸಿನ ಹೆಬ್ಬೆರಳು,
ರೈಲು ಎಂಜಿನ್ ಕಾರ್ಖಾನೆಯಲ್ಲಿ ಸವೆದದ್ದಿರಬೇಕು.

ಸೋಮವಾರ ಅವಳು ಮೂರು ಗಂಟೆ ಕೇಳಿದ್ದಾಳೆ.
ಮಂಗಳವಾರ ನಲವತ್ತು ನಿಮಿಷ.
ಬುಧವಾರದ ಪುಟಕ್ಕೆ ಅಡ್ಡಗೆರೆ, ಕಾಗದ ಹರಿಯುವಷ್ಟು.
ಕೊನೆಗೆ, ಅನಿಸಿಕೆಯ ಜಾಗದಲ್ಲಿ, ಸಣ್ಣ ಅಕ್ಷರ:

‘ಆರೂ ಮುಕ್ಕಾಲಿಗೆ ಆಫ್ ಮಾಡಿದೆ. ಇನ್ನು ಆಗುವುದಿಲ್ಲ.
ಗೋಡೆಯಾಚೆ ಇವರದೂ ನಿಂತಿತ್ತು.
ಹೊರಗೆ ಸರೋವರದ ಹಿಮ.
ಇವರು ಕೆಮ್ಮುವುದು ಕೇಳಿಸಿತು.
ಎಷ್ಟು ದಿನದಿಂದ ಕೆಮ್ಮುತ್ತಿದ್ದಾರೋ.’

ಅವನ ಪುಸ್ತಿಕೆ ತೆರೆದೆ, ಅದೇ ಬುಧವಾರ, ಎದೆ ಹಿಡಿದು.
‘ಬ್ಯಾಟರಿ ಖಾಲಿ.’
ಅಷ್ಟೇ.

ವರದಿಯಲ್ಲಿ ಬರೆದೆ: ಇಳಿಕೆ ಶೇಕಡಾ ಹದಿನೇಳು. ಕಾರಣ, ದಣಿವು.
ಮೇಲಿನವರು ದಣಿವನ್ನು ಹೊಡೆದುಹಾಕಿ
ರಾಜಕೀಯ ಹವಾಮಾನ ಎಂದು ತಿದ್ದಿದರು.
ಇರಬಹುದು. ಹೆದ್ದಾರಿಯ ಮೇಲೆ ಗಾಳಿ ಜೋರಾಗೇ ಇತ್ತು.

ಕೆಮ್ಮು ಕೇಳಿದ ಆ ಕಾಲು ಗಂಟೆಯನ್ನು
ಯಾರ ಖಾತೆಗೆ ಹಾಕಲಿ?
ಬುಡಗೆರೆಯಲ್ಲಿ ಮನೆ ಇಲ್ಲ ಅದಕ್ಕೆ.

ರೇಡಿಯೋದವರಿಗೆ ಡೈರಿ ಕೊಡುವುದಿಲ್ಲ, ನಿಯಮ.
ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ,
ಮನೆಯವರೆಗೂ ನಾನು ಕಾರಿನಲ್ಲಿ
ವೈಪರ್ ಸದ್ದು ಕೇಳುತ್ತ ಬಂದದ್ದು.